ಗ್ರಾಫಿನ ಡುಬ್ಬವೂ ಹುಳು ಮನೆಯೂ

ನನ್ನ ಮಾವ ಕೋದಂಡರಾಮಪ್ಪನವರ ರೇಷ್ಮೆ ಹುಳು ಮನೆಯಲ್ಲಿ ಬಿಳಿ ಕೋಟು ತೊಟ್ಟು, ಎರಡು ಕೈಯಲ್ಲೂ ಗಾಜಿನ ಬಾಟಲಿ ಹಿಡಿದು ಅಲ್ಲಾಡಿಸುತ್ತ ಕೂತಿದ್ದವನು ನಾನೇ. ಇದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ, ಇನ್ನು ಮುಂದೆ ಅಲ್ಲಗಳೆಯುವುದೂ ಇಲ್ಲ. ನಾನು ಮಾಟ ಮಾಡಿಸುತ್ತಿದ್ದೆ ಎಂದವರು, ಕಳ್ಳ ಔಷಧಿ ಕಾಯಿಸುತ್ತಿದ್ದೆ ಎಂದವರು, ಮಾವನ ಮನೆಯಲ್ಲಿ ಬಿಟ್ಟಿ ಊಟಕ್ಕೆ ಬಿದ್ದಿದ್ದೆ ಎಂದವರು ಎಲ್ಲರೂ ದಯವಿಟ್ಟು ಇದನ್ನು ಕೊನೆಯವರೆಗೂ ಓದಬೇಕು.

ನನ್ನ ಹೆಸರು ಮುರಳಿಮೋಹನ್. ಕೋಲಾರದ ಒಂದು ಫಾರ್ಮಸಿ ಕಾಲೇಜಿನಲ್ಲಿ ಮೇಷ್ಟ್ರು. ಪಾಠ ಮಾಡುವುದರ ಜೊತೆಗೆ ಪಿಎಚ್‌ಡಿಯನ್ನೂ ಮಾಡುತ್ತಿದ್ದೇನೆ. ಎಷ್ಟು ವರ್ಷದಿಂದ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಮಂಡಿನೋವಿಗೆ ಕೊಡುವ ಒಂದು ಔಷಧ ನೀರಿನಲ್ಲಿ ಎಷ್ಟು ಕರಗುತ್ತದೆ, ಗ್ಲೈಕಾಲ್ ಎಂಬ ಎಣ್ಣೆಯಂಥ ದ್ರವದಲ್ಲಿ ಎಷ್ಟು ಕರಗುತ್ತದೆ, ಎರಡನ್ನೂ ಬೆರೆಸಿದರೆ ಎಷ್ಟು, ಬಿಸಿ ಏರಿಸಿದರೆ ಎಷ್ಟು, ಹಾಗೆ ಕರಗುವಾಗ ಅದು ಎಷ್ಟು ಶಾಖ ಹೀರಿಕೊಳ್ಳುತ್ತದೆ ಎಂದು ಅಳೆಯುವುದು ನನ್ನ ಸಂಶೋಧನೆ. ಹೆಣ್ಣು ನೋಡಲು ಹೋದ ದಿನವೇ ಇದನ್ನೆಲ್ಲ ಬಿಡಿಸಿ ಹೇಳಿದ್ದೆ. ಮುಂದೆ ನನ್ನ ಅತ್ತೆಯಾಗಲಿದ್ದ ದೊಡ್ಡಮುನಿಯಮ್ಮ ಗಮನವಿಟ್ಟು ಕೇಳಿ, "ಮಾತ್ರೆ ನುಂಗಿದ್ರೆ ಹೊಟ್ಟೇಲೇ ಕರಗ್ತೈತಲ್ಲಪ್ಪಾ? ಅದಕ್ಕೂ ಸಂಬಳ ಕೊಡ್ತಾರಾ?" ಎಂದಿದ್ದರು. ಹೆಣ್ಣು ಕೊಟ್ಟದ್ದು ಅವರ ದೊಡ್ಡ ಮನಸ್ಸು.

ಎಲ್ಲ ಸರಿಯಾಗಿಯೇ ನಡೆದಿತ್ತು, ಡುಬ್ಬ ಏಳುವ ತನಕ.

ನನ್ನ ಗೈಡು ಡಾಕ್ಟರ್ ಉಮಾಶಂಕರ್ ಅವರು ಬೆಂಗಳೂರಿನವರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಕನ್ನಡ. ನನ್ನ ಗ್ರಾಫನ್ನು ಮೇಜಿನ ಮೇಲೆ ಹರಡಿಕೊಂಡು, ಸತ್ತ ಜಿರಲೆಯನ್ನು ತೋರಿಸುವ ಹಾಗೆ ಪೆನ್ನಿನ ತುದಿಯಿಂದ ಒಂದು ಜಾಗ ತೋರಿಸಿದರು. ಗ್ರಾಫಿನ ಎಡತುದಿಯಲ್ಲಿ ಬರೀ ನೀರು, ಬಲತುದಿಯಲ್ಲಿ ಬರೀ ಗ್ಲೈಕಾಲ್. ನಡುವೆ ಗೆರೆ ಏರುತ್ತ ಏರುತ್ತ ಹೋಗಿ, ಏಳು ಪಾಲು ಗ್ಲೈಕಾಲ್‌ಗೆ ಮೂರು ಪಾಲು ನೀರು ಬೆರೆಸಿದ ಕಡೆ ದೊಡ್ಡದಾಗಿ ಎದ್ದು, ಆಮೇಲೆ ಇಳಿದಿತ್ತು.

"ಏನ್ರೀ ಇದು ಡುಬ್ಬ?"

"ಅಲ್ಲಿ ಜಾಸ್ತಿ ಕರಗ್ತೈತೆ ಸಾರ್."

"ಕರಗ್ತೈತೆ ಅಲ್ಲ, ಕರಗುತ್ತದೆ. ಮತ್ತು ಕರಗುವುದಿಲ್ಲ. ಶುದ್ಧ ಗ್ಲೈಕಾಲ್‌ಗಿಂತ ಬೆರಕೆಯಲ್ಲಿ ಹೆಚ್ಚು ಕರಗುವ ಔಷಧಗಳು ಬೇರೆ ಇವೆ. ಇದು ಅಂಥದ್ದಲ್ಲ. ಅಂಥದ್ದಲ್ಲ ಅಂತ ನಾನೇ ಒಂದು ಲೇಖನ ಬರೆದಿದ್ದೇನೆ."

"ಆದ್ರೆ ಸಾರ್, ಬಾಟ್ಲೀಲಿ ಕಾಣ್ತೈತೆ..."

"ಉಷ್ಣತೆ ಒಂದೇ ಸಮ ಇಟ್ಟಿಲ್ಲ ನೀವು. ಅದಕ್ಕೇ ಈ ಡುಬ್ಬ. ನೋಡಿ ಮುರಳಿಮೋಹನ್, ನಿಮ್ಮ ಗಡಿ ಕಡೆಯವರದ್ದು ಎಲ್ಲಾ ಬೆರಕೆ. ಅರ್ಧ ತೆಲುಗು, ಅರ್ಧ ಕನ್ನಡ, ಲೆಕ್ಕವೂ ಹಾಗೇ. ಇಪ್ಪತ್ತೈದು ಡಿಗ್ರಿಯಲ್ಲಿ ಇನ್ನೊಮ್ಮೆ ಮಾಡಿ ಸೋಮವಾರ ತೋರಿಸಿ. ಆಗದಿದ್ದರೆ ಡುಬ್ಬ ಅಳಿಸಿಕೊಂಡು ಬನ್ನಿ, ಸಹಿ ಹಾಕುತ್ತೇನೆ."

ನನ್ನನ್ನು ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಮಾತನ್ನು, ನನ್ನ ಸೀಮೆಯನ್ನು, ನನ್ನ ಡುಬ್ಬವನ್ನು ಒಂದೇ ಉಸಿರಿಗೆ ಅಂದರು. ಕೋಲಾರದ ಬಸ್ಸು ಹತ್ತುವಾಗಲೇ ತೀರ್ಮಾನ ಮಾಡಿಬಿಟ್ಟೆ: ಏನೇ ಆಗಲಿ ಡುಬ್ಬ ಅಳಿಸುವುದಿಲ್ಲ.

ತೀರ್ಮಾನ ಮಾಡಿದ ಮೇಲೆ ತಿಳಿಯಿತು, ಇಪ್ಪತ್ತೈದು ಡಿಗ್ರಿ ಎಲ್ಲಿಯೂ ಇರಲಿಲ್ಲ. ಮೇ ತಿಂಗಳು. ಕಾಲೇಜಿನಲ್ಲಿ ನೀರನ್ನು ಒಂದೇ ಉಷ್ಣತೆಯಲ್ಲಿ ಇಡುವ ಯಂತ್ರವೊಂದಿದೆ. ಅದು ಕೆಟ್ಟಿತ್ತು, ರಿಪೇರಿ ಮಾಡಿಸುವ ವಿಷಯ ಕಚೇರಿಯಲ್ಲಿ ಪರಿಶೀಲನೆಯಲ್ಲಿತ್ತು. ಎಟಿಎಂ ಕೋಣೆ ತಣ್ಣಗಿರುತ್ತದಲ್ಲ ಎಂದು ಬಾಟಲಿಗಳ ಚೀಲ ಹಿಡಿದು ಅಲ್ಲಿಗೆ ಹೋದೆ. ದುಡ್ಡು ತೆಗೆಯದೆ, ಹಾಕದೆ, ಮೂಲೆಯಲ್ಲಿ ಕೂತು ಬಾಟಲಿ ಕುಲುಕುವವನನ್ನು ಅಲ್ಲಿಯ ಕಾವಲುಗಾರ ಹಿಂದೆಂದೂ ನೋಡಿರಲಿಲ್ಲವಂತೆ. ಆತ ನನ್ನನ್ನು ಹೊರಗೆ ಕಳಿಸಿದ ರೀತಿಯನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತಾಗ ನನ್ನ ಹೆಂಡತಿ ರಂಜಿತ ಹುಣಸೆಹಣ್ಣು ಬಿಡಿಸುತ್ತ, "ನಮ್ಮಪ್ಪನ ಹುಳು ಮನೆ ಇಲ್ವೇನ್ರೀ? ಅಲ್ಲಿ ಇಪ್ಪತ್ತೈದು ದಾಟಿದ್ರೆ ನಮ್ಮಪ್ಪ ಊಟಾನೇ ಮಾಡಲ್ಲ" ಎಂದಳು. ಈ ಉಪಾಯ ನನಗೆ ಮೊದಲೇ ಹೊಳೆದಿತ್ತು, ಹೇಳಿರಲಿಲ್ಲ ಅಷ್ಟೇ.

ಯಲ್ದೂರಿನ ಆಚೆ ನನ್ನ ಮಾವ ಕೋದಂಡರಾಮಪ್ಪನವರದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಸುತ್ತ ಎಲ್ಲರೂ ಮಾವಿನ ಹಿಂದೆ ಬಿದ್ದಾಗಲೂ ಅವರು ಹುಳು ಬಿಟ್ಟವರಲ್ಲ. ಹುಳು ಮನೆಯ ಸೂರಿಗೆ ತೆಂಗಿನ ಗರಿ, ಕಿಟಕಿಗಳಿಗೆ ಒದ್ದೆ ಗೋಣಿ ಚೀಲ, ಒಳಗೆ ಕೂಲರು, ಗೋಡೆಯ ಮೇಲೆ ಒಂದು ಥರ್ಮಾಮೀಟರು. ಆ ಥರ್ಮಾಮೀಟರನ್ನು ಅವರು ದೇವರ ಪಟಕ್ಕಿಂತ ಹೆಚ್ಚು ಸಲ ನೋಡುತ್ತಾರೆ. ನನ್ನ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಹೆಣ್ಣಿನ ತಂದೆ ಕಾಣಿಸದೆ ಗಾಬರಿಯಾಗಿ ಹುಡುಕಿದರೆ, ರೇಷ್ಮೆ ಪಂಚೆ ಎತ್ತಿಕಟ್ಟಿ ಗೋಣಿ ಚೀಲಕ್ಕೆ ನೀರು ಚಿಮುಕಿಸುತ್ತಿದ್ದರು.

ಶುಕ್ರವಾರ ಹೋಗಿ ವಿಷಯ ಹೇಳಿದೆ. ಮಾವ ಮೊದಲು ಬಾಟಲಿಗಳನ್ನು ಒಂದೊಂದಾಗಿ ಮೂಸಿ ನೋಡಿದರು. ಆಮೇಲೆ ನನ್ನನ್ನು ಮೂಸಿ ನೋಡಿದರು.

"ಇವಕ್ಕೆ ವಾಸ್ನೆ ಇಲ್ಲ. ನಿಮಗೈತೆ. ಸೋಪಾ, ಪೌಡ್ರಾ?"

"ಪೌಡ್ರು ಮಾವ."

"ಸೆಂಟು, ಪೌಡ್ರು, ಊದುಕಡ್ಡಿ ಯಾವ್ದೂ ಹುಳುಗೆ ಆಗ್ಬರಲ್ಲ. ತೊಳ್ಕೊಂಡು ಬನ್ನಿ. ಬ್ಲೀಚಿಂಗ್ ನೀರಲ್ಲಿ ಕಾಲಿಡ್ಬೇಕು, ಸುಣ್ಣ ತುಳಿದು ಒಳಕ್ಕೆ ಬರ್ಬೇಕು. ಒಳಗೆ ಬಂದ್ಮೇಲೆ ಹುಳು ಚೆನ್ನಾಗೈತೆ ಅಂತ ಮಾತ್ರ ಅನ್ಬೇಡಿ ಅಳಿಯಂದ್ರೇ. ಎಷ್ಟೇ ಚೆನ್ನಾಗಿರ್ಲಿ, ಬಾಯಿ ಮುಚ್ಕೊಂಡಿರಿ."

ನಾನು ಬಾಯಿ ಮುಚ್ಚಿಕೊಂಡೆ. ಹುಳುಗಳು ಕೊನೆಯ ಸಲ ಪೊರೆ ಕಳಚಿ ಎದ್ದು, ಮಂಚದಂತೆ ಕಟ್ಟಿದ ಚಪ್ಪರದ ಮೇಲೆ ಸರಸರನೆ ಸೊಪ್ಪು ತಿನ್ನುತ್ತಿದ್ದವು. ಮೂಲೆಯಲ್ಲೊಂದು ಸ್ಟೂಲು ಹಾಕಿಕೊಂಡು ಮೂರು ಬಾಟಲಿ ಜೋಡಿಸಿದೆ. ಒಂದರಲ್ಲಿ ಬರೀ ನೀರು, ಒಂದರಲ್ಲಿ ಬರೀ ಗ್ಲೈಕಾಲ್, ನಡುವಿನದರಲ್ಲಿ ಏಳಕ್ಕೆ ಮೂರರ ಬೆರಕೆ. ಮೂರಕ್ಕೂ ಒಂದೇ ತೂಕದ ಬಿಳಿ ಪುಡಿ. ಕುಲುಕುವ ಯಂತ್ರ ಇಲ್ಲದ್ದರಿಂದ ಕೈಯೇ ಯಂತ್ರ. ಕಾಲೇಜಿನ ಶಿಸ್ತು ಬಿಡಬಾರದೆಂದು ಬಿಳಿ ಕೋಟು ತೊಟ್ಟೆ, ಮೂಗಿಗೆ ಮಾಸ್ಕ್ ಹಾಕಿದೆ. ಬಹುಶಃ ಅದೇ ತಪ್ಪಾಯಿತು. ಆದರೆ ಶಿಸ್ತು ತಪ್ಪು ಎಂದು ನಾನು ಒಪ್ಪುವುದಿಲ್ಲ.

ಪಕ್ಕದ ತೋಟದ ಕದಿರಪ್ಪನಿಗೆ ಬೇರೆಯವರ ಹುಳು ಮನೆಯ ಜಾಲರಿಗೆ ಮುಖ ಒತ್ತಿ ನೋಡುವ ಅಭ್ಯಾಸವಿದೆ. ಅವನ ಹುಳುಗಳು ಪ್ರತಿ ಬೆಳೆಯಲ್ಲೂ ಕೊನೆಯ ವಾರದಲ್ಲಿ ಸೊಪ್ಪು ಬಿಟ್ಟು ಮಂಕಾಗುತ್ತವೆ. ಮಾವನ ಹುಳುಗಳು ಯಾಕೆ ಮಂಕಾಗುವುದಿಲ್ಲ ಎಂಬುದು ಅವನ ಬಹುದಿನದ ಪ್ರಶ್ನೆ. ಅಂದು ಜಾಲರಿಯಾಚೆ ಅವನಿಗೆ ಉತ್ತರ ಕಂಡಿತು. ಕೋದಂಡರಾಮಪ್ಪನ ಅಳಿಯ, ಔಷಧಿ ಕಾಲೇಜಿನವನು, ಬಿಳಿ ಕೋಟು ಹಾಕಿಕೊಂಡು ಹುಳುಗಳ ಮುಂದೆ ಔಷಧಿ ಕಲಸುತ್ತಿದ್ದಾನೆ.

"ಅದೇ ನಾನೂ ಯೋಚ್ನೆ ಮಾಡ್ತಿದ್ದೆ," ಎಂದನಂತೆ ಟೀ ಅಂಗಡಿಯಲ್ಲಿ. "ಈವಯ್ಯನ ಹುಳ ಮಾತ್ರ ಇಷ್ಟಿಷ್ಟು ದಪ್ಪ ಎಂಗಾಯ್ತವೆ ಅಂತ. ಅಳಿಯನ್ನ ಸುಮ್ನೆ ಮಾಡ್ಕೊಂಡಿದ್ದಾನಾ?"

ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ಊರಿನ ಅರ್ಧ ಹುಳು ಸಾಕಣೆಯೇ ನಿಂತಿತ್ತು. ಒಬ್ಬರ ಕೈಯಲ್ಲಿ ತಂಬಿಗೆ, ಒಬ್ಬರ ಕೈಯಲ್ಲಿ ಖಾಲಿ ಕ್ವಾರ್ಟರ್ ಬಾಟಲಿ. ಮುನಿಯಲ್ಲಮ್ಮ ಎಂಬ ಮುದುಕಿ ಮಾತ್ರ ಸ್ಟೀಲಿನ ಕ್ಯಾರಿಯರು ತಂದಿದ್ದರು. ನನಗೆ ಸಿಟ್ಟು ಬಂದರೂ ತಡೆದುಕೊಂಡು, ಮೇಷ್ಟ್ರಾದವನ ಕರ್ತವ್ಯವೆಂದು ತಿಳಿದು, ಜಗಲಿಯ ಮೇಲೆ ನಿಂತು ವಿವರಿಸಿದೆ.

"ನೋಡಿ, ಇದು ಹುಳುಗೆ ಕೊಡೋ ಔಷಧಿ ಅಲ್ಲ. ಮನುಷ್ಯರ ಮಂಡಿನೋವಿಂದು. ನಾನು ಹುಳುಗೆ ಒಂದು ತೊಟ್ಟೂ ಹಾಕಿಲ್ಲ. ಇದು ನೀರಲ್ಲಿ ಕರಗಲ್ಲ, ಅದನ್ನ ಪರೀಕ್ಷೆ ಮಾಡ್ತಾ ಇದೀನಿ ಅಷ್ಟೇ."

"ನೀರಲ್ಲೇ ಕರಗಲ್ವಂತೆ!" ಎಂದ ಕದಿರಪ್ಪ ಹಿಂದಕ್ಕೆ ತಿರುಗಿ ಜನಕ್ಕೆ. "ಎಷ್ಟು ಬಲ ಇರ್ಬೇಕು ನೋಡಿ ಔಷಧಿಗೆ."

"ಬಲ ಅಲ್ಲಯ್ಯಾ..."

"ಸಾರ್, ನಮಗೆ ಆ ಮೊದಲನೇ ಬಾಟ್ಲಿ ಕೊಡಿ ಸಾಕು. ಅದ್ರ ತಳದಾಗೆ ಬೆಳ್ಳಗೆ ಎಷ್ಟೊಂದು ಕುಂತೈತೆ. ಮಧ್ಯದ್ದು ನೀವೇ ಇಟ್ಕೊಳ್ಳಿ, ಅದ್ರಲ್ಲಿ ಏನೂ ಇಲ್ಲ, ಬರೀ ತಿಳಿನೀರು."

ಏನೂ ಇಲ್ಲ! ನಾನು ತಿರುಗಿ ಜಾಲರಿಯ ಒಳಗೆ ನೋಡಿದೆ. ನಡುವಿನ ಬಾಟಲಿಯಲ್ಲಿ ಪುಡಿ ಎಲ್ಲವೂ ಮಾಯವಾಗಿ ದ್ರವ ತಿಳಿಯಾಗಿ ನಿಂತಿತ್ತು. ಬರೀ ನೀರಿನ ಬಾಟಲಿಯಲ್ಲಿ ಪುಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಬರೀ ಗ್ಲೈಕಾಲಿನದರಲ್ಲೂ ತಳದಲ್ಲಿ ಬೆಳ್ಳಗೆ ಉಳಿದಿತ್ತು. ಇಪ್ಪತ್ತೈದು ಡಿಗ್ರಿಯಲ್ಲಿ ನನ್ನ ಡುಬ್ಬ ಮತ್ತೆ ಎದ್ದಿತ್ತು. ಸಂತೋಷ ತಡೆಯಲಾರದೆ, "ಕರಗೋಯ್ತು! ಎಲ್ಲಾ ಕರಗೋಯ್ತು!" ಎಂದು ಜಗಲಿಯ ಮೇಲೆ ಕುಣಿದುಬಿಟ್ಟೆ. ಇದರಿಂದ ಜನರ ಅನುಮಾನ ಕಡಿಮೆಯಾಯಿತು ಎಂದು ಹೇಳಲಾರೆ.

ಅತ್ತೆಯವರು ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡಿ, ಇಷ್ಟು ಜನರ ಕಣ್ಣು ಬಿದ್ದ ಮೇಲೆ ಹುಳು ಉಳಿದ ಹಾಗೇ ಎಂದು ಒಳಗೆ ಹೋಗಿ ಉಪ್ಪು, ಮೆಣಸಿನಕಾಯಿ ತಂದರು. ಮೊದಲು ಹುಳುಗಳಿಗೆ ನಿವಾಳಿಸಿದರು. ಆಮೇಲೆ ಏನು ತೋಚಿತೋ ಬಾಟಲಿಗಳಿಗೂ ನಿವಾಳಿಸಿ, ನಡುವಿನದರ ಕತ್ತಿಗೆ ನಿಂಬೆಹಣ್ಣು ಕಟ್ಟಿದರು. "ನೀನೂ ಬಾ ನಾಯನಾ," ಎಂದು ನನಗೂ ನಿವಾಳಿಸಿದರು. ವಿಜ್ಞಾನಿಯಾಗಿ ನಾನು ವಿರೋಧಿಸಬೇಕಿತ್ತು. ಆದರೆ ಡುಬ್ಬ ಎದ್ದ ಗಳಿಗೆಯಲ್ಲಿ ಯಾವ ರಿಸ್ಕೂ ಬೇಡವೆನಿಸಿತು.

ಔಷಧಿ ಸಿಗದ ಕದಿರಪ್ಪ ಅಷ್ಟಕ್ಕೇ ಬಿಡಲಿಲ್ಲ. ಮಧ್ಯಾಹ್ನಕ್ಕೆ ರೇಷ್ಮೆ ಇಲಾಖೆಯ ಚಂದ್ರಮೋಹನ್ ಎಂಬ ಅಧಿಕಾರಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಹಿಂದೆ ಊರು. ಅಧಿಕಾರಿಗಳು ಬೈಕಿನಿಂದ ಇಳಿದು ಕೂಲಿಂಗ್ ಗ್ಲಾಸ್ ತೆಗೆಯದೆಯೇ ಕೇಳಿದರು.

"ಅನುಮತಿ ಇಲ್ಲದೆ ಹುಳುವಿಗೆ ಔಷಧಿ ಕೊಡ್ತಾ ಇದೀರಂತೆ?"

"ಇಲ್ಲ ಸಾರ್."

"ಕೊಡ್ತಾ ಇಲ್ದಿದ್ರೆ ಜನ ಯಾಕೆ ಕೇಳ್ತಾರೆ? ಬಾಟ್ಲಿ ತನ್ನಿ, ಸ್ಯಾಂಪಲ್ ಬೆಂಗಳೂರಿಗೆ ಕಳಿಸ್ಬೇಕು. ಆ ನಿಂಬೆಹಣ್ಣು ಕಟ್ಟಿರೋದನ್ನ ಮೊದಲು ತನ್ನಿ."

ನನ್ನ ಡುಬ್ಬ ಇದ್ದದ್ದೇ ಆ ಬಾಟಲಿಯಲ್ಲಿ. ನನ್ನ ಜೀವಮಾನದಲ್ಲಿ ಸರ್ಕಾರಕ್ಕೆ ಎದುರು ನಿಂತದ್ದು ಅದೇ ಮೊದಲು. ಬಿಳಿ ಕೋಟಿನಲ್ಲಿಯೇ ಹುಳು ಮನೆಯ ಬಾಗಿಲಿಗೆ ಎರಡು ಕೈ ಚಾಚಿ ನಿಂತೆ.

"ಕೊಡಲ್ಲ."

"ಏನಂದ್ರಿ?"

"ಕೊಡಲ್ಲ ಸಾರ್. ಸೋಮವಾರದ ತನಕ ಈ ಬಾಟ್ಲಿ ಈ ಮನೆ ಬಿಟ್ಟು ಕದಲಲ್ಲ. ಬೇಕಾದ್ರೆ ನನ್ನನ್ನ ಸ್ಯಾಂಪಲ್ ಮಾಡಿ ಕಳಿಸಿ."

ನನ್ನ ಪಕ್ಕಕ್ಕೆ ಮಾವನೂ ಬಂದು ನಿಂತರು. ಅವರ ಕಾರಣ ಬೇರೆ ಇತ್ತು: "ಆಫೀಸರ್ರೇ, ಕಾಲು ತೊಳೀದೆ ಒಂದ್ಹೆಜ್ಜೆ ಮುಂದಕ್ಕೆ ಬಂದ್ರೆ ಚೆನ್ನಾಗಿರಲ್ಲ."

ಸರಿಯಾಗಿ ಆಗಲೇ ನನ್ನ ಫೋನು ಕೂಗಿತು. ಡಾಕ್ಟರ್ ಉಮಾಶಂಕರ್, ವಿಡಿಯೋ ಕಾಲ್. ಶನಿವಾರ ಮಧ್ಯಾಹ್ನ ಪ್ರಗತಿ ನೋಡುತ್ತೇನೆ ಎಂದಿದ್ದರು, ಗಲಾಟೆಯಲ್ಲಿ ಮರೆತಿದ್ದೆ. ಪರದೆಯ ಮೇಲೆ ಅವರ ಮುಖ, ಅವರ ಪರದೆಯ ಮೇಲೆ ನಾನು, ನನ್ನ ಹಿಂದೆ ನಿಂಬೆಹಣ್ಣು ಕಟ್ಟಿದ ಬಾಟಲಿ, ಅದರ ಹಿಂದೆ ಸಹಸ್ರಾರು ಹುಳು.

"ಇದು ಯಾವ ಲ್ಯಾಬು?"

"ಹುಳು ಮನೆ ಸಾರ್. ನಮ್ಮ ಮಾವಂದು. ಇಪ್ಪತ್ತೈದು ಡಿಗ್ರಿ ಕದಲೇ ಇಲ್ಲ. ಡುಬ್ಬ ಎದ್ದೈತೆ ಸಾರ್, ನೋಡಿ."

ಅವರು ಬಾಟಲಿ ನೋಡಲೇ ಇಲ್ಲ. ನಕ್ಕರು. "ಹುಳು ಸಾಕುವವರ ಗೋಡೆಯ ಮೇಲಿನ ಥರ್ಮಾಮೀಟರ್ ನಂಬಿ ಪಿಎಚ್‌ಡಿ ಕೊಡಬೇಕಾ? ಅದೇನು ಸಂತೆಯಲ್ಲಿ ಕೊಂಡದ್ದಾ?"

ಮಾವನ ಮುಖ ಕೆಂಪಾಯಿತು. ಆದರೆ ಅವರು ಬಾಯಿ ತೆರೆಯುವ ಮೊದಲೇ ನನ್ನ ಕೈಯಿಂದ ಫೋನು ಹಾರಿತು. ಹಾರಿಸಿದವರು ಚಂದ್ರಮೋಹನ್. ಕೂಲಿಂಗ್ ಗ್ಲಾಸ್ ತೆಗೆದಿದ್ದರು.

"ಹಲೋ. ಯಾರ್ರೀ ನೀವು ಮಾತಾಡ್ತಿರೋದು? ಅದು ಇಲಾಖೆ ಕೊಟ್ಟಿರೋ ಥರ್ಮಾಮೀಟರ್. ನಾನೇ ಪರೀಕ್ಷೆ ಮಾಡಿ ನಮ್ಮ ರೈತರಿಗೆ ಹಂಚಿರೋದು. ಈ ಥರ್ಮಾಮೀಟರ್ ನಂಬ್ಕೊಂಡೇ ಈ ತಾಲ್ಲೂಕಿನ ಜನ ರೇಷ್ಮೆ ಗೂಡು ಬೆಳೀತಾ ಇರೋದು. ಸಂತೆ ಅಂತೆ! ಅಷ್ಟು ಅನುಮಾನ ಇದ್ರೆ ಬಂದು ನೋಡಿ."

"ಬರುತ್ತೇನೆ," ಎಂದರು ಉಮಾಶಂಕರ್. "ನಾಳೆಯೇ ಬರುತ್ತೇನೆ. ನನ್ನ ಥರ್ಮಾಮೀಟರ್, ನನ್ನ ಔಷಧ, ನನ್ನ ಬಾಟಲಿ ತರುತ್ತೇನೆ. ಡುಬ್ಬ ಬರದಿದ್ದರೆ ಮುರಳಿಮೋಹನ್ ಇನ್ನು ನನ್ನ ಹತ್ತಿರ ಬರುವುದು ಬೇಡ."

ಫೋನು ಕಟ್ಟಾಯಿತು. ಅಧಿಕಾರಿಗಳು ಅದನ್ನು ನನ್ನ ಕೈಗಿಟ್ಟು ಭುಜ ತಟ್ಟಿದರು. "ಬಿಡ್ಬೇಡಿ ಸಾರ್ ಆ ಮನುಷ್ಯನ್ನ. ಇಲಾಖೆ ನಿಮ್ಮ ಹಿಂದೆ ಇದೆ." ಔಷಧಿಯ ವಿಚಾರ ಅವರಿಗೆ ಮರೆತೇಹೋಗಿತ್ತು. ಕದಿರಪ್ಪನನ್ನು ಮರೆತು ಅವನ ಬೈಕನ್ನು ತಾವೇ ಓಡಿಸಿಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಮಾವಿನ ಲಾರಿಗಳ ನಡುವೆ ನುಸುಳಿಕೊಂಡು ಉಮಾಶಂಕರ್ ಅವರ ಕಾರು ಬಂತು. ಇಸ್ತ್ರಿ ಅಂಗಿ, ಹೊಳೆಯುವ ಬೂಟು, ಕೈಯಲ್ಲಿ ಪೆಟ್ಟಿಗೆ. ನೇರವಾಗಿ ಹುಳು ಮನೆಯತ್ತ ನಡೆದರು. ಬಾಗಿಲಲ್ಲಿ ಮಾವ ಅಡ್ಡ ನಿಂತು, ಮೂಗು ಮುಂದೆ ಮಾಡಿ, ಒಂದು ಸಲ ಉಸಿರೆಳೆದರು.

"ಸೆಂಟು."

"ನಾನು ಇವರ ಗೈಡು."

"ಯಾರಾದ್ರೂ ಆಗಿರಿ. ಸೆಂಟು ಹಾಕ್ಕೊಂಡು ಒಳಕ್ಕೆ ಬಂದ್ರೆ ನನ್ನ ಹುಳ ಸೊಪ್ಪು ಬಿಡ್ತವೆ. ಅಂಗಿ ಪ್ಯಾಂಟಿಗೂ ಹತ್ತೈತೆ. ಸ್ನಾನ ಮಾಡ್ಬೇಕು ನೀವು."

"ಸ್ನಾನ ಮಾಡದಿದ್ದರೆ?"

"ವಾಪಸ್ ಹೋಗ್ಬೇಕು."

ವಾಪಸು ಹೋದರೆ ಹೆದರಿ ಹೋದರು ಎಂದಾಗುತ್ತಿತ್ತು. ಉಮಾಶಂಕರ್ ಅವರು ಹಾಗೆ ಹೋಗುವವರಲ್ಲ. ಆ ಮಟ್ಟಿಗೆ ನಾನು ಅವರನ್ನು ಗೌರವಿಸುತ್ತೇನೆ. ಬೋರ್‌ವೆಲ್ ತೊಟ್ಟಿಯ ಬಳಿ ಊರೆಲ್ಲ ಮರ್ಯಾದೆಯಿಂದ ಬೆನ್ನು ತಿರುಗಿಸಿ ನಿಂತಿರಲು ಅವರ ಸ್ನಾನವಾಯಿತು. ಮಾವನ ಪಂಚೆ ಉಟ್ಟು, ಮಾವನ ಟವೆಲ್ ಹೊದ್ದು, ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟು, ಸುಣ್ಣ ತುಳಿದು, ಡಾಕ್ಟರ್ ಉಮಾಶಂಕರ್ ಹುಳು ಮನೆ ಪ್ರವೇಶ ಮಾಡಿದರು.

ತಮ್ಮ ಥರ್ಮಾಮೀಟರನ್ನು ಇಲಾಖೆಯದರ ಪಕ್ಕದಲ್ಲೇ ತೂಗುಹಾಕಿದರು. ಎರಡೂ ಇಪ್ಪತ್ತೈದು ತೋರಿಸಿದವು. ಅವರು ತಮ್ಮದನ್ನು ಕೊಡವಿ ಮತ್ತೆ ನೋಡಿದರು. ಇಪ್ಪತ್ತೈದು. ಮಾವ ಹೋಗಿ ಸೊಪ್ಪು ಹಾಕತೊಡಗಿದರು.

ಗೈಡು ತಾವೇ ದ್ರವ ಅಳೆದರು, ತಾವೇ ಪುಡಿ ತೂಗಿದರು, ನನ್ನನ್ನು ಮುಟ್ಟಗೊಡಲಿಲ್ಲ. ಪೂರ್ತಿ ಲೆಕ್ಕಕ್ಕೆ ಎರಡು ದಿನ ಬೇಕು, ಆದರೆ ಡುಬ್ಬ ಇದೆಯೋ ಇಲ್ಲವೋ ಕಣ್ಣಿಗೆ ಕಾಣಲು ಮಧ್ಯಾಹ್ನ ಸಾಕು. ಕುಲುಕುವ ಕೆಲಸವನ್ನೂ ತಾವೇ ಹಿಡಿದರು. ಬೆರಕೆಯ ಬಾಟಲಿ ಬಲಗೈಯಲ್ಲಿ, ಶುದ್ಧ ಗ್ಲೈಕಾಲಿನದು ಎಡಗೈಯಲ್ಲಿ. ನೀರಿನದು ಮಾತ್ರ ನನ್ನ ಪಾಲಿಗೆ ಬಂತು. ಕಾಫಿ ಕೇಳಿದರು, ಮಾವ ಒಳಗೆ ಬಿಡಲಿಲ್ಲ. ಫೋನು ಬಂತು, ಎತ್ತಲು ಕೈ ಇರಲಿಲ್ಲ. ಪಂಚೆ ಸಡಿಲವಾಯಿತು, ಮೊಣಕೈಯಲ್ಲಿ ಒತ್ತಿಹಿಡಿದು ಕುಲುಕಿದರು. ರಂಜಿತ ಮತ್ತು ಅತ್ತೆ ಜಾಲರಿಯ ಆಚೆ ಕೂತು ನೋಡುತ್ತಿದ್ದರು. ಎಷ್ಟೋ ವರ್ಷದ ನನ್ನ ಕೆಲಸವೆಲ್ಲ ಅವರ ಬಲಗೈಯಲ್ಲಿ ಅಲ್ಲಾಡುತ್ತಿತ್ತು.

ಸೊಪ್ಪಿನ ಎರಡನೇ ಸರದಿ ಹಾಕುವ ಹೊತ್ತಿಗೆ ಅವರ ಎಡಗೈ ಬಾಟಲಿಯ ತಳದಲ್ಲಿ ಬಿಳಿ ಪುಡಿ ಹಾಗೇ ಕೂತಿತ್ತು. ಬಲಗೈ ಬಾಟಲಿಯಲ್ಲಿ ಕಡೆಯದಾಗಿ ಉಳಿದಿದ್ದ ಚಿಟಿಕೆ ಪುಡಿ ಸುತ್ತಿತು, ತೆಳುವಾಯಿತು, ಕಾಣದಾಯಿತು. ಉಮಾಶಂಕರ್ ಬಾಟಲಿಯನ್ನು ಬೆಳಕಿಗೆ ಹಿಡಿದರು. ಕಣ್ಣರಳಿಸಿದರು. ತಾವೆಲ್ಲಿದ್ದೇವೆ ಎಂಬುದನ್ನೇ ಮರೆತು, ಎದೆ ತುಂಬಿ ಕೂಗಿದರು:

"ಓರಿ ನಾಯನೋ! ಕರಿಗಿಪೋಯಿಂದಿ ಕದಯ್ಯಾ!"

ಅಪ್ಪಟ ಗಡಿಸೀಮೆಯ ತೆಲುಗು. ಜಾಲರಿಯ ಆಚೆಯಿಂದ ಅತ್ತೆ ಬಲು ಅಕ್ಕರೆಯಿಂದ ಕೇಳಿದರು, "ಯಾವೂರು ಸ್ವಾಮಿ ನಿಮ್ದು?"

ಉಮಾಶಂಕರ್ ಟವೆಲ್ ಸರಿಮಾಡಿಕೊಂಡರು. ಸುಳ್ಳು ಹೇಳಲು ಅವರ ಮೈಮೇಲೆ ಒಂದು ಇಸ್ತ್ರಿ ಅಂಗಿಯೂ ಇರಲಿಲ್ಲ.

"ಮುಳಬಾಗಿಲ ಹತ್ರ ಕಣಮ್ಮಾ. ನಮ್ಮವ್ವ ಈಗ್ಲೂ ಅಲ್ಲೇ ಅವ್ಳೆ."

ಒಳ್ಳೆಯ ಶಿಷ್ಯನಾದವನು ಇಂಥ ಗಳಿಗೆಯಲ್ಲಿ ಸುಮ್ಮನಿರುತ್ತಾನೆ. ನಾನು ಒಳ್ಳೆಯ ಶಿಷ್ಯನೆಂದು ಯಾರೂ ಯಾವತ್ತೂ ಹೇಳಿಲ್ಲ.

"ಕರಿಗಿಪೋಯಿಂದಿ ಅಲ್ಲ ಸಾರ್," ಎಂದೆ. "ಕರಗಿಹೋಯಿತು."

ಬೈಯುತ್ತಾರೆ ಎಂದುಕೊಂಡೆ. ಅವರು ಬಾಟಲಿಯನ್ನು ನನ್ನ ಕೈಗಿಟ್ಟು, "ಡುಬ್ಬ ಇರ್ಲಿ ಬಿಡಯ್ಯಾ," ಎಂದರು. "ನನ್ನ ಲೇಖನವೇ ತಪ್ಪು. ಆದ್ರೆ ಒಂದು. ಪ್ರಬಂಧದಲ್ಲಿ ಹುಳು ಮನೆ ಅಂತ ಬರೀಬೇಡ. ಸ್ಥಿರ ಉಷ್ಣತೆಯ ಕೊಠಡಿ ಅಂತ ಬರಿ. ಚೆನ್ನಾಗಿರ್ತೈತೆ."

"ಹಾಗೆ ಬರೆಯಲ್ಲ ಸಾರ್. ಹುಳು ಮನೆ ಅಂತಲೇ ಬರೀತೀನಿ. ಯಾರ ಹುಳು ಮನೆ ಅಂತಲೂ ಬರೀತೀನಿ."

ಅಷ್ಟರಲ್ಲಿ ಜಾಲರಿಯ ಇನ್ನೊಂದು ಮೂಲೆಯಿಂದ ಸದ್ದಾಯಿತು. ಕದಿರಪ್ಪ ಮುಖ ಒತ್ತಿಕೊಂಡು ಪಂಚೆ ಉಟ್ಟ ಉಮಾಶಂಕರ್ ಅವರನ್ನೇ ನೋಡುತ್ತಿದ್ದ. ಹಿಂದಕ್ಕೆ ತಿರುಗಿ ಜನಕ್ಕೆ ಪಿಸುಗುಟ್ಟಿದ್ದು ನಮಗೆಲ್ಲ ಕೇಳಿಸಿತು: "ದೊಡ್ಡ ಡಾಕ್ಟ್ರೇ ಬಂದು ಮಡೀಲಿ ಕೂತು ಔಷಧಿ ಮಾಡ್ತಾವ್ರೆ. ಇನ್ನೂ ಅಲ್ಲ ಅಂತಾರೆ ಇವ್ರು!"

ಪ್ರಬಂಧ ಅಚ್ಚಾಗಿದೆ. ಡುಬ್ಬ ಇದೆ. ಬಳಸಿದ ಸಲಕರಣೆಗಳು ಎಂಬ ಪುಟದಲ್ಲಿ 'ಶ್ರೀ ಕೋದಂಡರಾಮಪ್ಪನವರ ಹುಳು ಮನೆ, ಯಲ್ದೂರು ಹೋಬಳಿ' ಎಂದು ಸ್ಪಷ್ಟವಾಗಿದೆ. ಕೆಳಗೆ ಉಮಾಶಂಕರ್ ಅವರ ಸಹಿಯೂ ಇದೆ. ಇದರಲ್ಲಿ ಯಾರಿಗಾದರೂ ಅನುಮಾನವಿದ್ದರೆ ಬಂದು ನೋಡಬಹುದು, ಬಾಟಲಿ ನಾನು ಕೊಡುತ್ತೇನೆ. ಆದರೆ ಸೆಂಟು ಹಾಕಿಕೊಂಡು ಬರಬೇಡಿ. ನೀವು ಎಷ್ಟು ದೊಡ್ಡವರಾದರೂ ನಮ್ಮ ಮಾವ ಸ್ನಾನ ಮಾಡಿಸದೆ ಒಳಗೆ ಬಿಡುವುದಿಲ್ಲ.